ಬೋರ್ಡಿನ ಕೆಳಗಿನ ಹುರುಳಿ

ನಾನು ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿ ಮಾತನಾಡಬೇಕೋ ವಿರೋಧವಾಗಿ ಮಾತನಾಡಬೇಕೋ ಎಂಬುದನ್ನು ಚೀಟಿ ಎತ್ತಿಸಿ ತೀರ್ಮಾನಿಸುತ್ತಿದ್ದರು. ಬೆಳಿಗ್ಗೆ ಒಂದು ವಿಷಯದ ಪರ ವಾದಿಸಿ ಬಹುಮಾನ ಪಡೆದು, ಮಧ್ಯಾಹ್ನ ಅದೇ ವಿಷಯದ ವಿರುದ್ಧ ವಾದಿಸಿಯೂ ಬಹುಮಾನ ಪಡೆದದ್ದುಂಟು. ಆ ಅಭ್ಯಾಸ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಯಾವ ಪ್ರಶ್ನೆ ಎದುರಾದರೂ ಅದರ ಎರಡು ಮಗ್ಗುಲುಗಳು ಒಟ್ಟಿಗೇ ಕಾಣುತ್ತವೆ. ಆದರೆ ನಾನು ಚಟಕ್ಕಾಗಿ ವಾದಿಸುವವಳಲ್ಲ. ಸರಿಯಾಗಿ ಕೇಳಿದ ಪ್ರಶ್ನೆಯಿಂದ ಜಗತ್ತು ಒಂದಿಷ್ಟಾದರೂ ಸುಧಾರಿಸುತ್ತದೆಂದು ನಂಬಿದವಳು.

ವಾಸ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಕಾಲೇಜೊಂದರಲ್ಲಿ. ದಿನವೂ ಬಸ್ಸಿನಲ್ಲಿ ಓಡಾಡುವ ನನಗೆ ರಸ್ತೆಯೆಂದರೆ ಕಿಟಕಿಯ ಆಚೆ ಜರುಗುವ ಗದ್ದೆ, ಕಬ್ಬು, ಇಟ್ಟಿಗೆ ಗೂಡು ಮತ್ತು ಡ್ರೈವರನ ಹಾರ್ನ್, ಅಷ್ಟೇ ಆಗಿತ್ತು. ಆ ವರ್ಷ ತಾಲ್ಲೂಕಿನಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಒಂದು ಸಾರ್ವಜನಿಕ ಸಭೆ ಕರೆದರು. ಹೆದ್ದಾರಿಯಲ್ಲಿ ಲಾರಿಗೂ ಕಾರಿಗೂ ಒಂದೇ ವೇಗಮಿತಿ ಇರಬೇಕೇ, ಬೇರೆ ಬೇರೆ ಇರಬೇಕೇ ಎಂಬುದು ಅಲ್ಲಿ ಚರ್ಚೆಗೆ ಬರಲಿದ್ದ ವಿಷಯಗಳಲ್ಲೊಂದು. ಕಾಲೇಜಿನ ಪರವಾಗಿ ಯಾರಾದರೂ ಮಾತನಾಡಬೇಕೆಂದಾಗ ಪ್ರಾಂಶುಪಾಲರು ನನ್ನ ಕಡೆ ನೋಡಿದರು. ನಾನು ಮಾತುಗಾತಿ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ನನ್ನ ಮೊದಲ ಒಲವು 'ಒಂದೇ ಮಿತಿ'ಯ ಕಡೆಗಿತ್ತು. ಕಾರಣ ಸರಳ. ಒಂದೇ ರಸ್ತೆಯಲ್ಲಿ ಕೆಲವರು ನಿಧಾನವಾಗಿಯೂ ಕೆಲವರು ಜೋರಾಗಿಯೂ ಹೋದರೆ ಹಿಂದಿನವರು ಮುಂದಿನವರನ್ನು ದಾಟಲೇಬೇಕು. ಎದುರುಬದುರು ವಾಹನಗಳು ಓಡುವ ಕಿರಿದಾದ ರಸ್ತೆಯಲ್ಲಿ ದಾಟುವುದೆಂದರೆ, ಸ್ವಲ್ಪ ಹೊತ್ತು ಬೇರೆಯವರ ದಾರಿಯಲ್ಲಿ ಜೀವ ಒತ್ತೆಯಿಟ್ಟು ಓಡುವುದು. ಎಲ್ಲರೂ ಒಂದೇ ವೇಗದಲ್ಲಿ ಹೋದರೆ ಈ ಪ್ರಮೇಯವೇ ಇರುವುದಿಲ್ಲ. ಇದರೊಂದಿಗೆ ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ, ನಾನು ತರಗತಿಯಲ್ಲಿ ಸಾವಿರ ಸಲ ಹೇಳಿದ ವಾಕ್ಯವೂ ಸೇರಿಕೊಂಡು ವಾದಕ್ಕೆ ಒಂದು ಗಾಂಭೀರ್ಯ ಬಂದಿತ್ತು.

ಆದರೂ ಲಾರಿಯ ಒಳಗೆ ಕೂರದೆ ಲಾರಿಯ ಬಗ್ಗೆ ಮಾತನಾಡುವುದು ಸರಿಯಲ್ಲವೆನಿಸಿತು. ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಲಾರಿ ಓಡಿಸುತ್ತಾರೆ. ಬನ್ನೂರಿನ ಕಡೆಯ ಅಕ್ಕಿ ಗಿರಣಿಗಳಿಂದ ತೌಡು ತುಂಬಿಕೊಂಡು ನಂಜನಗೂಡಿಗೆ ಬರುವುದು, ಖಾಲಿ ಗಾಡಿಯಲ್ಲಿ ಹಿಂದಿರುಗುವುದು ಅವರ ದಿನಚರಿ. ಒಂದು ಸಂಜೆ ನರಸೀಪುರದಲ್ಲಿ ಬಸ್ಸು ಬಿಟ್ಟು ಅವರ ಲಾರಿ ಹತ್ತಿದೆ.

"ಏನು ಮೇಷ್ಟ್ರಮ್ಮ, ನಮ್ಮ ಗಾಡೀಗೂ ಪರೀಕ್ಷೆ ಇಟ್ಟಿದ್ದೀಯಾ?" ಎಂದು ಭಾವ ನಕ್ಕರು.

"ಕಾರಿಗೂ ಲಾರಿಗೂ ಒಂದೇ ಸ್ಪೀಡು ಇಡಬೇಕು ಅಂತ ಹೇಳೋಣ ಅಂತಿದ್ದೀನಿ ಭಾವ. ನೀವೇನಂತೀರಿ?"

"ಏಳು, ಏಳು. ಅಂಗೇ ಆನೆಗೂ ಆಡಿಗೂ ಒಂದೇ ಅಳತೇಲಿ ಮೇವು ಆಕ್ಬೇಕು ಅಂತಾನೂ ಏಳು."

ಲಾರಿ ಹೊರಟಿತು. ಎತ್ತರದ ಸೀಟಿನಿಂದ ರಸ್ತೆ ಬೇರೆಯದೇ ಆಗಿ ಕಂಡಿತು. ಬಸ್ಸಿನ ಕಿಟಕಿಯಿಂದ ಎಂದೂ ಕಾಣದಷ್ಟು ದೂರದ ತಿರುವು, ಅದರಾಚೆ ಬರುತ್ತಿದ್ದ ಎತ್ತಿನ ಗಾಡಿ, ಎಲ್ಲವೂ ಮೊದಲೇ ಕಣ್ಣಿಗೆ ಬೀಳುತ್ತಿದ್ದವು. ಇಷ್ಟು ಮುಂಚೆ ಕಾಣುವವನು ಕಾರಿನವನಷ್ಟೇ ವೇಗವಾಗಿ ಹೋದರೆ ತಪ್ಪೇನು ಎಂದು ನನ್ನ ಒಳಗಿನ ಚರ್ಚಾಪಟು ತಲೆಯೆತ್ತಿದಳು. ಅಷ್ಟರಲ್ಲಿ ಮುಂದೆ ಒಂದು ನಾಯಿ ಅಡ್ಡ ಬಂತು. ಭಾವ ಬ್ರೇಕ್ ಒತ್ತಿದರು. ತುಂಬಿದ ಲಾರಿ ಅವರ ಕಾಲಿನ ಮಾತನ್ನು ಕೇಳಿಸಿಕೊಂಡು, ಯೋಚಿಸಿ, ಆಮೇಲೆ ಒಪ್ಪಿಕೊಂಡಂತೆ ನಿಂತಿತು. ಅದು ನಿಲ್ಲುವ ಮೊದಲೇ ನಾಯಿ ದಾಟಿ ಹೋಗಿತ್ತು, ನಮ್ಮ ಪುಣ್ಯ. ಕಾಣುವುದು ಬೇರೆ, ನಿಲ್ಲುವುದು ಬೇರೆ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ.

"ನೋಡ್ದಾ? ಲೋಡಿದ್ರೆ ಗಾಡಿ ನೆಲ ಕಚ್ಕೊಂಡು ಓಯ್ತದೆ. ಭಯವೇ ಇಲ್ಲ," ಎಂದರು ಭಾವ, ಈಗ ತಾನೇ ನಡೆದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ನಾನು ಆ ನಾಯಿಯನ್ನು ನೆನಪಿಸಿದಾಗ, "ಅದು ನಾಯಿ ತಪ್ಪು," ಎಂದರು.

ಹೀಗೆ ಅವರೂ ಪೂರ್ತಿ ನಂಬಬಹುದಾದ ಸಾಕ್ಷಿಯಾಗಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ಮಾತ್ರ ನನ್ನ ವಾದದ ಬುಡವನ್ನೇ ಅಲುಗಿಸಿತು. ಲಾರಿಗಳಿಗೆ ಒಂದು ವೇಗ ಮೀರದಂತೆ ತಡೆಯುವ ಯಂತ್ರ ಅಳವಡಿಸಿರುತ್ತಾರಂತೆ. ಆ ಮಿತಿ ಮುಟ್ಟಿದ ಮೇಲೆ ಕಾಲು ಎಷ್ಟು ಒತ್ತಿದರೂ ಗಾಡಿ ಮುಂದೆ ಹಾರದು. ಅಂಥ ಒಂದು ಲಾರಿ ಅಂಥದ್ದೇ ಇನ್ನೊಂದು ಲಾರಿಯನ್ನು ದಾಟಲು ಹೋದರೆ ಏನಾಗುತ್ತದೆ?

"ಎರಡು ಎಮ್ಮೆ ಜೋಡೀಲಿ ಓದಂಗೆ ಓಯ್ತಾನೇ ಇರ್ತವೆ. ಅವ್ನೂ ಬುಡಲ್ಲ, ಇವ್ನೂ ಬುಡಲ್ಲ. ಎದುರ್ಗಡೆಯಿಂದ ಬಸ್ಸು ಬಂದ್ರೆ ಶಿವ್ನೇ ಗತಿ."

ಎಲ್ಲರಿಗೂ ಒಂದೇ ವೇಗ ಕೊಟ್ಟರೆ ದಾಟುವ ಆಸೆ ಹೋಗುತ್ತದೆಂದು ನಾನು ನಂಬಿದ್ದೆ. ಆಸೆ ಹೋಗುವುದಿಲ್ಲ, ದಾಟುವ ಹೊತ್ತು ಮಾತ್ರ ಬೆಳೆಯುತ್ತದೆ ಎನ್ನುವುದು ನನಗೆ ಹೊಸದಾಗಿತ್ತು. ಮನೆಗೆ ಬಂದು ಸಭೆಗೆಂದು ಬರೆದಿದ್ದ ಮಾತನ್ನು ಹರಿದು ಹಾಕಿ ಮತ್ತೆ ಮೊದಲಿನಿಂದ ಆರಂಭಿಸಿದೆ.

ಇದೇ ಸಮಯದಲ್ಲಿ ಅಕ್ಕನ ಹುರುಳಿ ಕೊಯ್ಲಿಗೆ ಬಂದಿತ್ತು. ಆ ಹುರುಳಿಯ ಹಿಂದಿನ ಕಥೆಯನ್ನು ಇಲ್ಲಿ ಹೇಳಬೇಕು.

ನಮ್ಮ ತವರು ನರಸೀಪುರ ದಾಟಿ ಮೂಗೂರಿನ ದಿಕ್ಕಿನಲ್ಲಿ ಹೆದ್ದಾರಿಗೆ ಅಂಟಿಕೊಂಡ ಹಳ್ಳಿ. ಅಕ್ಕನನ್ನು ಅದೇ ಊರಿನ ಸಂಬಂಧಕ್ಕೆ ಕೊಟ್ಟದ್ದರಿಂದ ಅವಳು ತವರಿನಿಂದ ನಾಲ್ಕು ಮನೆ ಆಚೆಗೇ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಗೂ ಹೊಲದಲ್ಲಿ ಪಾಲು ಆಗಲೇಬೇಕೆಂದು ನಾನು ಹಟ ಹಿಡಿದೆ. ಅಣ್ಣ ಜಗಳವಾಡಲಿಲ್ಲ. ಮೂವರಿಗೂ ಸಮನಾಗಿ ಹೊಲ ಅಳೆಸಿದ. ನನ್ನ ಪಾಲನ್ನೂ ಅಕ್ಕನೇ ಉಳಲಿ ಎಂದೆ. ಅಣ್ಣ ಹಿರಿಯರ ಮುಂದೆ ಒಂದೇ ಒಂದು ಷರತ್ತು ಹಾಕಿದ: "ಒಂದು ಬೆಳೆ ತೆಗೀಲಿ. ಬಿತ್ತಿ, ಬೆಳ್ದು, ಕಾಳು ಮನೆಗೆ ತಂದ್ರೆ ಹೊಲ ಅವಳೇ ಇಟ್ಕೊಳ್ಳಿ. ಆಗ್ನಿಲ್ಲ ಅಂದ್ರೆ ವಾರಕ್ಕೆ ನಂಗೆ ಬುಡ್ಲಿ. ಪಾಳು ಬೀಳಕ್ಕೆ ನಾನು ಬುಡಲ್ಲ." ವಾರಕ್ಕೆ ಬಿಡುವುದೆಂದರೆ ಬೆಳೆಯಲ್ಲಿ ಇಂತಿಷ್ಟು ಪಾಲಿನ ಮೇಲೆ ಉಳಲು ಕೊಡುವುದು. ಹಾಗೆ ಬಿಟ್ಟ ಹೆಣ್ಣುಮಕ್ಕಳ ಹೊಲ ಮತ್ತೆ ಅವರ ಕೈಗೆ ಬಂದ ಉದಾಹರಣೆ ನಮ್ಮೂರಿನಲ್ಲಿ ನಾನು ಕಂಡಿಲ್ಲ. ಅಕ್ಕ ಷರತ್ತು ಒಪ್ಪಿದಳು. ಹುರುಳಿ ಬಿತ್ತಿದಳು.

ಹೊಲವನ್ನು ಮೂರು ಭಾಗ ಮಾಡಿದ್ದರು, ಸರಿ. ಆದರೆ ಒಕ್ಕುವ ಕಣ ಹೊಲದಲ್ಲಿರಲಿಲ್ಲ. ಅದು ತವರುಮನೆಯ ಹಿತ್ತಲಿನಲ್ಲಿ, ಅಪ್ಪ ಸಿಮೆಂಟು ಹಾಕಿಸಿದ ಅಗಲವಾದ ನೆಲ. ಮನೆಯೊಂದಿಗೆ ಅದೂ ಅಣ್ಣನಿಗೆ ಸೇರಿತ್ತು. ಪಾಲಿನ ದಿನ ಕಣದ ಮಾತನ್ನು ಯಾರೂ ಎತ್ತಿರಲಿಲ್ಲ. ಕಣವನ್ನು ಯಾರೂ ಹೊಲವೆಂದು ಎಣಿಸುವುದಿಲ್ಲ. ಬೆಳೆ ಕೈಗೆ ಬಂದಾಗಲೇ ಕಣವಿಲ್ಲದ ಹೊಲ ಅರ್ಧ ಹೊಲವೆಂದು ತಿಳಿಯುವುದು.

ಸಭೆಗೆ ಎರಡು ದಿನ ಮೊದಲು, ಒಂದು ಭಾನುವಾರ, ಅಕ್ಕನನ್ನು ನೋಡಲು ಹೊರಟೆ. ಊರಿಗೆ ಸ್ವಲ್ಪ ಮೊದಲೇ ಸಿಗುವ ಸ್ಟಾಪಿನಲ್ಲಿ ಬಸ್ಸಿಳಿದಾಗ ಮೊದಲು ಕಂಡದ್ದು ಹೊಸ ಬೋರ್ಡು. ಅದರಲ್ಲಿ ಕಾರಿನ ಚಿತ್ರದ ಪಕ್ಕ ಒಂದು ಅಂಕಿ, ಲಾರಿಯ ಚಿತ್ರದ ಪಕ್ಕ ಅದಕ್ಕಿಂತ ಚಿಕ್ಕ ಅಂಕಿ. ನಾನು ಸಭೆಯಲ್ಲಿ ಚರ್ಚಿಸಬೇಕೆಂದಿದ್ದ ಪ್ರಶ್ನೆಗೆ ಯಾರೋ ಆಗಲೇ ಕಬ್ಬಿಣದ ಕಂಬದ ಮೇಲೆ ಉತ್ತರ ಬರೆದು ನಿಲ್ಲಿಸಿದ್ದರು. ಎರಡನೆಯದಾಗಿ ಕಂಡದ್ದು ಆ ಬೋರ್ಡಿನ ಕೆಳಗೆ, ರಸ್ತೆಯ ಅರ್ಧ ಅಗಲಕ್ಕೆ ಹರಡಿದ್ದ ಹುರುಳಿ. ಒಂದು ಮನೆಯದಲ್ಲ, ಊರಿನ ಮೂರು ನಾಲ್ಕು ಮನೆಗಳದ್ದು. ಅದರ ಮುಂಚೂಣಿಯಲ್ಲಿ ಕವೆಕೋಲು ಹಿಡಿದು ಗಿಡಗಳನ್ನು ಮಗುಚುತ್ತಿದ್ದವಳು ನಮ್ಮ ಅಕ್ಕ.

ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸಿಕೊಳ್ಳುವುದು ನಮ್ಮ ಸೀಮೆಯಲ್ಲಿ ಹೊಸತಲ್ಲ. ಆದರೆ ಹಿಂದೆಲ್ಲ ಅದು ಊರ ಮುಂದೆ, ವಾಹನಗಳ ವೇಗ ತಗ್ಗಿಸುವ ಹಂಪಿನ ಬಳಿ ನಡೆಯುತ್ತಿತ್ತು. ಈಗೇಕೆ ಎಲ್ಲರೂ ಇಲ್ಲಿಗೆ ಬಂದಿದ್ದಾರೆಂದು ಕುತೂಹಲವಾಯಿತು.

"ಇಲ್ಯಾಕಕ್ಕ ಹರಡಿದ್ದೀಯ?"

"ಓದಿದೋಳು ನೀನು, ಬೋರ್ಡು ಕಾಣಾಕಿಲ್ವಾ? ಲಾರಿ ಇಲ್ಲಿ ನಿಧಾನಕ್ಕೆ ಓಗ್ಬೇಕು ಅಂತ ಗೌರ್ಮೆಂಟೇ ಬರ್ದು ಆಕದೆ. ಲಾರಿ ಜೋರಾಗಿ ಓದ್ರೆ ಕಾಳು ಸಿಡ್ದು ಚರಂಡಿಗೆ ಓಯ್ತದೆ. ನಿಧಾನಕ್ಕೆ ಓದ್ರೆ ಕಾಯೊಡ್ದು ಕಾಳು ಅಲ್ಲೇ ಉದುರ್ತದೆ. ಅದ್ಕೇ ಇಲ್ಲಿ ಆಕೋದು."

"ಅಕ್ಕ, ಅದು ಒಕ್ಕಣೆಗೆ ಹಾಕಿದ ಬೋರ್ಡಲ್ಲ!"

"ಮತ್ತೆ ಯಾತಕ್ಕೆ? ಇಲ್ಲಿ ಶಾಲೆ ಇಲ್ಲ, ತಿರುವಿಲ್ಲ, ಮನೆ ಇಲ್ಲ. ಉಳ್ಳಿ ಸುಗ್ಗೀಲೇ ತಂದು ನೆಟ್ಟವ್ರೆ. ಯಾರೋ ಪುಣ್ಯಾತ್ಮ ರೈತನ ಮಗ ಆಪೀಸರ್ ಆಗವ್ನೆ ಅಂದ್ಕೊಂಡೊ."

ಪಕ್ಕದಲ್ಲಿ ತಮ್ಮ ಹುರುಳಿ ಮಗುಚುತ್ತಿದ್ದ ಹೆಂಗಸರೂ ತಲೆಯಾಡಿಸಿದರು. ನಾನು ನಗಬೇಕೋ ಗಾಬರಿಯಾಗಬೇಕೋ ತಿಳಿಯದೆ ನಿಂತೆ. ಅವರ ತರ್ಕದಲ್ಲಿ ಕೊಂಡಿ ತಪ್ಪಿದ್ದು ಎಲ್ಲಿಯೂ ಇರಲಿಲ್ಲ, ಬುಡವೊಂದೇ ತಪ್ಪಾಗಿತ್ತು. ಅಕ್ಕ ಬೆಳೆಯ ಸುತ್ತ ಕಲ್ಲುಗಳನ್ನೂ ಜೋಡಿಸಿದ್ದಳು. ಕಾರಿನವರು ಕಲ್ಲು ಕಂಡು ಬಲಕ್ಕೆ ಸರಿದು ಹೋಗಲಿ, ಎತ್ತರದ ಲಾರಿ ಕಲ್ಲನ್ನು ಚಕ್ರಗಳ ನಡುವೆ ಹಾಯಿಸಿಕೊಂಡು ಬೆಳೆಯ ಮೇಲೇ ಬರಲಿ ಎಂಬುದು ಏರ್ಪಾಟು. ಕಾರಿನವರು ಬೆಳೆಯ ಮೇಲೆ ಬರಲು ಹೆದರುತ್ತಾರೆ. ಬಂದರೂ ಕಾರಿನ ಹಗುರ ಚಕ್ರಕ್ಕೆ ಹುರುಳಿ ಬಗ್ಗದು.

ನಾನು ರಸ್ತೆ ಬದಿಯ ಹೊಂಗೆಯ ಕೆಳಗೆ ಕುಳಿತು ನೋಡತೊಡಗಿದೆ. ನನ್ನ ಸಭೆಯ ಪ್ರಶ್ನೆ ಅಲ್ಲಿ ಕಣ್ಣೆದುರೇ ಓಡುತ್ತಿತ್ತು. ಲಾರಿಯೊಂದು ಬೋರ್ಡಿಗೆ ಮರ್ಯಾದೆ ಕೊಟ್ಟು, ಅಥವಾ ಬೆಳೆಗೆ ಮರ್ಯಾದೆ ಕೊಟ್ಟು, ವೇಗ ತಗ್ಗಿಸುತ್ತಿತ್ತು. ಅದರ ಹಿಂದೆ ಬಂದ ಕಾರಿಗೆ ಮುಂದೇನಿದೆಯೆಂದು ಕಾಣುತ್ತಿರಲಿಲ್ಲ. ತನಗೆ ಹೆಚ್ಚಿನ ವೇಗದ ಹಕ್ಕಿದೆಯೆಂಬುದಷ್ಟೇ ಗೊತ್ತಿತ್ತು. ಅದು ಬಲಕ್ಕೆ ನುಗ್ಗುತ್ತಿತ್ತು. ಎದುರಿನಿಂದ ಬಂದ ಸ್ಕೂಟರಿನವನು ಮಣ್ಣಿಗಿಳಿದು ಶಪಿಸುತ್ತಿದ್ದ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಕಾಗದದ ಮೇಲೆ ಎಷ್ಟು ಚಿಕ್ಕದು! ರಸ್ತೆಯ ಮೇಲೆ ಆ ವ್ಯತ್ಯಾಸ ಸ್ಕೂಟರಿನವನ ಜೀವದಷ್ಟು ದೊಡ್ಡದಾಗಿತ್ತು.

"ಅಕ್ಕ, ಇದನ್ನು ತೆಗೆದುಬಿಡೋಣ. ಯಾರಿಗಾದರೂ ಏನಾದರೂ ಆದರೆ?"

"ತಗ್ದು ಎಲ್ಲಿಗೆ ಆಕ್ಲಿ? ನಿನ್ ಕಾಲೇಜ್ ಮೈದಾನಕ್ಕಾ?"

"ಅಣ್ಣನ ಕಣಕ್ಕೆ."

ಅಕ್ಕನ ಕೈ ನಿಂತಿತು. "ಕಣ ಕೇಳಕ್ಕೆ ಓದ್ರೆ ಏನಂತಾನೆ ಗೊತ್ತಾ? ನೋಡು, ಕೊನೆಗೆ ನನ್ ಬಾಗ್ಲಿಗೇ ಬಂದ್ಲು ಅಂತಾನೆ. ಅಷ್ಟಕ್ಕೇ ಕಾಯ್ತಾ ಅವ್ನೆ ಅವ್ನು. ಬುಡಮ್ಮಿ, ನಾಳೆ ವತ್ಗೆ ಕಾಳು ಚೀಲಕ್ಕೆ ತುಂಬಿರ್ತೀನಿ."

ಮಧ್ಯಾಹ್ನದ ಬಿಸಿಲಿಗೆ ಹುರುಳಿ ಚಟಚಟನೆ ಒಡೆಯುತ್ತಿತ್ತು. ಆದರೆ ಮೂಡಲ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತ್ತು. ಸುಗ್ಗಿಯ ಕಾಲದ ಅಂಥ ಮೋಡವನ್ನು ರೈತರು ನೋಡುವ ರೀತಿಯೇ ಬೇರೆ. ಕತ್ತೆತ್ತಿ ನೋಡುವುದಿಲ್ಲ, ಓರೆಗಣ್ಣಿನಲ್ಲಿ ನೋಡಿ ಕೈ ಚುರುಕುಗೊಳಿಸುತ್ತಾರೆ. ನೆನೆದರೆ ಹುರುಳಿ ಊದಿಕೊಂಡು ಮೊಳಕೆ ಬಿಡುತ್ತದೆ. ಕಾಳು ಮನೆಗೆ ಬಾರದಿದ್ದರೆ ಹೊಲ ವಾರಕ್ಕೆ ಹೋಗುತ್ತದೆ. ಅಕ್ಕ ಬಾಯಿಬಿಟ್ಟು ಹೇಳದಿದ್ದರೂ ಅವಳು ಮಗುಚುತ್ತಿದ್ದ ವೇಗದಲ್ಲೇ ಅದು ತಿಳಿಯುತ್ತಿತ್ತು.

ಆಗ ಅದಾಯಿತು. ತೆಂಗಿನಕಾಯಿ ತುಂಬಿದ ಲಾರಿಯೊಂದು ನಿಧಾನವಾಗಿ ಬೆಳೆಯ ಮೇಲೆ ಬಂತು. ಅದರ ಬೆನ್ನಿಗೇ ಬಂದ ಕಾರು ಬಲಕ್ಕೆ ಹೊರಳಿತು. ಎದುರಿಗೆ ಬಸ್ಸು ಕಂಡಿತು. ಕಾರಿನವನು ಥಟ್ಟನೆ ಎಡಕ್ಕೆ ಎಳೆದುಕೊಂಡು ಲಾರಿಯ ಹಿಂದೆ, ಬೆಳೆಯ ರಾಶಿಯೊಳಕ್ಕೇ ನುಗ್ಗಿದ. ಬಸ್ಸು ದಾಟಿ ಹೋಯಿತು. ಲಾರಿಯವನಿಗೆ ಹಿಂದೆ ನಡೆದದ್ದು ತಿಳಿಯಲೇ ಇಲ್ಲ, ಅವನೂ ಹೋದ. ಕಾರು ಮಾತ್ರ ಹುರುಳಿ ಗಿಡಗಳನ್ನು ಹೊಟ್ಟೆಯಡಿಗೆ ಸುತ್ತಿಕೊಂಡು ಕರಕರ ಸದ್ದು ಮಾಡುತ್ತ ಸ್ವಲ್ಪ ದೂರ ಎಳೆದುಕೊಂಡು ಹೋಗಿ ನಿಂತಿತು. ಅಡಿಯಿಂದ ಹೊಗೆ ಏಳತೊಡಗಿತು.

"ಇಳೀರಿ, ಇಳೀರಿ!" ಎಂದು ಕೂಗುತ್ತ ಓಡಿದೆವು. ಮದುವೆಗೆ ಹೊರಟಂತಿದ್ದ ಗಂಡ ಹೆಂಡತಿ, ರೇಷ್ಮೆ ಬಟ್ಟೆಯಲ್ಲಿ, ಹೊರಗೆ ಹಾರಿದರು. ಅಕ್ಕ ಕುಡಿಯಲು ತಂದಿದ್ದ ಬಿಂದಿಗೆಯ ನೀರನ್ನು ಪೂರ್ತಿ ಕಾರಿನಡಿಗೆ ಎರಚಿದಳು. ಬಿಸಿ ಸೈಲೆನ್ಸರಿಗೆ ಒಣ ಗಿಡ ತಗುಲಿ ಹತ್ತಿಕೊಳ್ಳುವುದರಲ್ಲಿತ್ತು. ನಾವೆಲ್ಲ ಕವೆಕೋಲಿನಿಂದ ಗಿಡಗಳನ್ನು ಎಳೆದು ತೆಗೆದೆವು. ನಾನು ಮೊದಲ ಬಾರಿಗೆ ಕಾರಿನ ಕೆಳಗೆ ಬಗ್ಗಿ ನೋಡಿದೆ. ಲಾರಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರದ ಮುಂದೆ ಕಾರಿನದು ಅಂಗೈಯಗಲ ಎನ್ನಬೇಕು. ಲಾರಿಗೆ ಕಣವಾಗುವ ನೆಲ ಕಾರಿಗೆ ಒಲೆಯಾಗುತ್ತದೆ.

"ರಸ್ತೆ ನಿಮ್ಮಪ್ಪಂದಾ?" ಎಂದು ಗಂಡ ನಡುಗುವ ದನಿಯಲ್ಲಿ ಕೂಗಿದ.

"ಅಷ್ಟ್ ಜೋರಾಗಿ ಬರಕ್ಕೆ ನಿಮ್ಮಪ್ಪಂದಾ?" ಎಂದಳು ಅಕ್ಕ. ಮರುಕ್ಷಣವೇ ಅವನ ಹೆಂಡತಿ ಅಳುತ್ತಿದ್ದುದು ಕಂಡು, "ಕೂತ್ಕೊಳವ್ವ, ನೆಳ್ಳಲ್ಲಿ ಕೂತ್ಕೊ. ನೀರಂತೂ ಖಾಲಿ ಆಯ್ತು," ಎಂದು ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಸುದ್ದಿ ಹೋಗಿ ಪೊಲೀಸ್ ಪೇದೆಯೊಬ್ಬರು ಮೋಟಾರ್ ಬೈಕಿನಲ್ಲಿ ಬಂದರು.

"ಯಾರದಮ್ಮ ಇದು ಉಳ್ಳಿ?"

"ನಂದೇ ಸಾ."

"ಕತ್ಲಾಗೋದ್ರೊಳಗೆ ಒಂದು ಕಡ್ಡಿ ಇರ್ಬಾರ್ದು. ಇದ್ರೆ ಕೇಸು ಬರೀತೀನಿ. ನಾನೂ ರೈತ್ರ ಮಗನೇ ಕಣಮ್ಮ, ಆದ್ರೆ ಇವತ್ತು ಎರಡು ಹೆಣ ಬೀಳೋದು."

ಅವರ ಮಾತನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಉಳಿದ ಹೆಂಗಸರು ತಮ್ಮ ತಮ್ಮ ಬೆಳೆಯನ್ನು ಬಾಚಿಕೊಂಡು ಮನೆಯ ಕಣಗಳಿಗೆ ಸಾಗಿಸತೊಡಗಿದರು. ಅಕ್ಕ ಟಾರ್ಪಾಲು ಹಾಸಿ ಅರ್ಧ ಒಡೆದ ಹುರುಳಿಯನ್ನು ತುಂಬುತ್ತ ಕುಳಿತಳು. ಎಲ್ಲಿಗೆ ಒಯ್ಯುವುದೆಂದು ಅವಳಿಗೂ ಗೊತ್ತಿರಲಿಲ್ಲ. ಭಾವ ಬನ್ನೂರಿನಲ್ಲಿದ್ದರು. ಅವಳ ಮನೆಯ ಮುಂದಿನ ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದರೆ ತುಂಬಿಹೋಗುತ್ತದೆ.

ನಾನು ಹೇಳದೆ ಕೇಳದೆ ತವರುಮನೆಗೆ ನಡೆದೆ. ಅಣ್ಣ ಹಿತ್ತಲಿನಲ್ಲಿ ಟ್ರಾಕ್ಟರಿಗೆ ಗ್ರೀಸು ಹಚ್ಚುತ್ತಿದ್ದ. ಕಣದ ಒಂದು ಮೂಲೆಯಲ್ಲಿ ಅವನ ರಾಗಿಯ ಮೆದೆ, ಮಿಕ್ಕದ್ದು ಖಾಲಿ. ದಾರಿಯುದ್ದಕ್ಕೂ ಜೋಡಿಸಿಕೊಂಡ ವಾದವನ್ನು ಒಂದೇ ಉಸಿರಿಗೆ ಮುಂದಿಟ್ಟೆ. ಸಮಾನ ಪಾಲೆಂದರೆ ಅಳತೆಯ ಸಮಾನತೆಯಷ್ಟೇ ಅಲ್ಲ. ಬೆಳೆದದ್ದನ್ನು ಕಾಳು ಮಾಡಿಕೊಳ್ಳುವ ಅನುಕೂಲವೂ ಪಾಲಿನ ಭಾಗವೇ. ಕಣವಿಲ್ಲದವಳಿಗೂ ಕಣವಿರುವವನಿಗೂ ಒಂದೇ ಷರತ್ತು ಹಾಕುವುದು ಅನ್ಯಾಯ, ಎಂದೆ. ಹೇಳುತ್ತಿರುವಾಗಲೇ, ಇದನ್ನು ಲಾರಿ ಕಾರುಗಳ ಬಗ್ಗೆಯೂ ಹೇಳಬಹುದಲ್ಲ ಎಂಬ ಯೋಚನೆ ಮಿಂಚಿ ಮಾತು ಒಂದು ಕ್ಷಣ ತಡವರಿಸಿತು.

ಅಣ್ಣ ಕೈ ಒರೆಸಿಕೊಂಡ. "ಮುಗೀತಾ? ಚಪ್ಪಾಳೆ ಒಡೀಲಾ?"

"ಅಣ್ಣ, ಮಳೆ ಬರೋ ಹಾಗಿದೆ."

"ನಂಗೂ ಕಣ್ಣದೆ. ಅವಳ್ಗೆ ಬಾಯಿಲ್ವಾ? ವಕೀಲರನ್ನ ಕಳಿಸವ್ಳೆ."

"ಬಾಯದೆ," ಎಂದಿತು ಹಿಂದಿನಿಂದ ಒಂದು ದನಿ. ಅಕ್ಕ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ತಲೆಗೂದಲಲ್ಲೆಲ್ಲ ಹುರುಳಿಯ ಹೊಟ್ಟು. "ನಾನು ಕೇಳಕ್ಕೆ ಬಂದಿಲ್ಲ. ಏಳಕ್ಕೆ ಬಂದಿವ್ನಿ. ಅಪ್ಪ ಈ ಕಣ ಆಕ್ಸುವಾಗ ಜಲ್ಲಿ ಒತ್ತೋಳು ನಾನು. ನೀನು ಆಗ ಮೈಸೂರ್ನಲ್ಲಿ ಐಟಿಐ ಓದ್ತಿದ್ದೆ. ಎರಡು ದಿವ್ಸ ಈ ಕಣ ನಂಗೆ ಬೇಕು."

ಅಣ್ಣ ಅವಳನ್ನು ನೋಡಿದ, ಮೆದೆಯನ್ನು ನೋಡಿದ. "ನನ್ ರಾಗಿ ಅದೆಯಲ್ಲ?"

"ಅದರ ಪಾಡಿಗೆ ಅದು ಮೂಲೇಲಿರ್ಲಿ. ನನ್ ಉಳ್ಳಿ ಅದನ್ನೇನು ಕಡ್ದು ತಿಂದದಾ?"

"ಒಕ್ಕಕ್ಕೆ? ನಿನ್ ಗಂಡನ ಲಾರಿ ಈ ಸಂದೀಲಿ ನುಗ್ಗಕ್ಕಿಲ್ಲ."

"ನಿನ್ ಟ್ರಾಕ್ಟ್ರು ಬಾಡಿಗೆಗೆ ಓಗಲ್ವಾ? ಊರೋರ್ಗೆ ಏನೋ ನಂಗೂ ಅದೇ."

ಅಣ್ಣನ ಮುಖ ಕೆಂಪಾಯಿತು. "ಅಕ್ಕತಂಗೀರ್ತಾವ ಬಾಡಿಗೆ ಇಸ್ಕೊಂಡ ಅಂತ ಊರೋರು ನನ್ ಮುಖಕ್ಕೆ ಉಗೀಲಿ ಅಂತಾನಾ?"

"ಅಂಗಾದ್ರೆ ಷರತ್ತು ಆಕ್ದಾಗ ಯಾಕೆ ಉಗೀನಿಲ್ಲ?"

ಅತ್ತಿಗೆ ಅಡುಗೆಮನೆಯಿಂದ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಣ್ಣ ಟ್ರಾಕ್ಟರಿಗೆ ಟ್ರೈಲರನ್ನು ಸಿಕ್ಕಿಸಿದ. ಹುರುಳಿಯನ್ನು ತುಂಬಿ ತಂದು ಕಣದಲ್ಲಿ ಇಳಿಸಿ ಟಾರ್ಪಾಲು ಹೊದಿಸುವುದಕ್ಕೂ ನಾಲ್ಕು ಹನಿ ಬೀಳುವುದಕ್ಕೂ ಸರಿಹೋಯಿತು. ಹನಿ ನಾಲ್ಕೇ ಬಿದ್ದು ನಿಂತವು. ಆದರೆ ಅಣ್ಣ ಟಾರ್ಪಾಲಿನ ಅಂಚುಗಳಿಗೆಲ್ಲ ಕಲ್ಲು ಹೇರಿದ.

ಮರುದಿನ ರಜೆ ಹಾಕಿ ಉಳಿದೆ. ಬಿಸಿಲೇರಿದ ಮೇಲೆ ಹುರುಳಿಯನ್ನು ದುಂಡಗೆ ಹರಡಿ, ಅಣ್ಣ ಟ್ರಾಕ್ಟರನ್ನು ಅದರ ಮೇಲೆ ಸುತ್ತಿಸತೊಡಗಿದ.

"ಎಷ್ಟು ಸ್ಪೀಡಲ್ಲಿ ಓಡುಸ್ಲಿ, ನಿನ್ ತಂಗೀನ ಕೇಳು. ಆಮೇಲೆ ಬೋರ್ಡು ಆಕ್ಬುಟ್ಟಾಳು!"

"ನೀನು ಓಡ್ಸು, ನಾನು ಏಳ್ತೀನಿ," ಎಂದಳು ಅಕ್ಕ. "ನಿಧಾನ, ನಿಧಾನ. ಈಗ ವಸಿ ಜೋರು. ಆಯ್ತು, ಅಷ್ಟೇ ಇರ್ಲಿ."

ಆ ಒಂದು ಸುತ್ತಿನಲ್ಲೇ ಅವಳು ವೇಗವನ್ನು ಮೂರು ಸಲ ಬದಲಿಸಿದ್ದಳು. ಹಸಿ ಉಳಿದ ಕಡೆ ಬೇರೆ, ಒಣಗಿದ ಕಡೆ ಬೇರೆ. ನನಗೆ ಅದು ಬಹಳ ಸೋಜಿಗವೆನಿಸಿತು. ವೇಗವೆನ್ನುವುದು ವಾಹನದ ಗುಣವೆಂದೇ ನಾನು ತಿಳಿದಿದ್ದೆ. ಅದು ನೆಲಕ್ಕೂ ವಾಹನಕ್ಕೂ ನಡುವಿನ ಒಪ್ಪಂದವೇ ಇರಬೇಕು. ನೆಲ ಬದಲಾದರೆ ಒಪ್ಪಂದವೂ ಬದಲಾಗಬೇಕು.

ಮಂಗಳವಾರ ಸಭೆಯಲ್ಲಿ ಇದನ್ನೇ ಹೇಳಲು ಯತ್ನಿಸಿದೆ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಗಳು ಮಧ್ಯದಲ್ಲೇ, "ಮೇಡಂ, ನೀವು ಯಾವ ಕಡೆ? ಒಂದೇ ಮಿತಿಯೋ, ಬೇರೆ ಬೇರೆಯೋ?" ಎಂದು ಕೇಳಿದರು. ಸಭೆ ನಕ್ಕಿತು. ಜೀವನದಲ್ಲಿ ಮೊದಲ ಬಾರಿಗೆ ಚೀಟಿಯಿಲ್ಲದೆ ಉತ್ತರ ಕೊಡಬೇಕಾಗಿತ್ತು. ನಡುವೆ ವಿಭಜಕವಿದ್ದು, ಒಂದೇ ದಿಕ್ಕಿಗೆ ಎರಡು ಸಾಲು ಓಡುವಷ್ಟು ಅಗಲವಿರುವ ಕಡೆ ಲಾರಿಗೆ ಕಡಿಮೆ, ಕಾರಿಗೆ ಹೆಚ್ಚು ಇರಲಿ. ತುಂಬಿದ ಲಾರಿ ನಿಲ್ಲಲು ಹೆಚ್ಚು ದೂರ ಬೇಕು, ಕಾರಿಗೆ ದಾಟಿ ಹೋಗಲು ಅಲ್ಲಿ ಜಾಗವಿದೆ. ಆದರೆ ನಮ್ಮೂರಿನಂತೆ ಎದುರುಬದುರು ಓಡುವ ಕಿರಿದಾದ ರಸ್ತೆಯಲ್ಲಿ, ಅದರಲ್ಲೂ ಊರುಗಳ ಹತ್ತಿರ, ಎಲ್ಲರಿಗೂ ಒಂದೇ ಮಿತಿಯಿರಲಿ. ಆ ಮಿತಿಯನ್ನು ಕಾರಿನವನ ಅವಸರ ನೋಡಿ ಅಲ್ಲ, ಲಾರಿಯವನ ಬ್ರೇಕು ನೋಡಿ ನಿಗದಿ ಮಾಡಲಿ. ದಾಟಲು ಜಾಗ ಕೊಡದೆ ದಾಟುವ ಹಕ್ಕು ಕೊಡಬಾರದು. ಎರಡು ಲಾರಿಗಳು ಜೋಡಿಯಾಗಿ ಓಡುವ ಅಪಾಯ ಉಳಿಯುವುದರಿಂದ, ಅಂಥ ಕಡೆ ದಾಟುವುದನ್ನೇ ನಿಷೇಧಿಸಲಿ. ಹೆದ್ದಾರಿ ಪಕ್ಕದ ಪ್ರತಿ ಊರಿಗೂ ಎಲ್ಲರೂ ಬಳಸುವಂಥ ಒಂದು ಕಣ ಕಟ್ಟಿಸಿಕೊಡಲಿ ಎಂದೂ ಸೇರಿಸಿದೆ.

"ಕಣ ನಮ್ಮ ಇಲಾಖೆಗೆ ಬರೋದಿಲ್ಲ ಮೇಡಂ," ಎಂದರು ಅಧಿಕಾರಿಗಳು ವಿನಯದಿಂದಲೇ.

"ಹುರುಳಿ ನಿಮ್ಮ ರಸ್ತೆಗೆ ಬರುತ್ತಲ್ಲ ಸಾರ್," ಎಂದೆ. ಅವರು ಮುಂದಿನ ವಿಷಯಕ್ಕೆ ಹೋದರು. ನನ್ನ ಮಾತು ಎಲ್ಲಿಗೆ ಮುಟ್ಟಿತೋ ಇಂದಿಗೂ ತಿಳಿಯದು. ತಿಳಿಯುವವರೆಗೂ ಕೇಳುತ್ತಿರುವುದಷ್ಟೇ ನನಗೆ ಗೊತ್ತಿರುವ ಮಾರ್ಗ.

ಸಭೆ ಮುಗಿಸಿ ನೇರವಾಗಿ ಊರಿಗೆ ಹೋದೆ. ಸಂಜೆಗಾಳಿ ಚೆನ್ನಾಗಿ ಬೀಸುತ್ತಿತ್ತು. ಅಕ್ಕ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಹುರುಳಿ ತೂರುತ್ತಿದ್ದಳು. ಹೊಟ್ಟು ಒಂದು ಕಡೆ ಹಾರಿ, ಕಂದು ಕಾಳು ಅವಳ ಪಾದದ ಬಳಿ ರಾಶಿಯಾಗುತ್ತಿತ್ತು. ರಸ್ತೆಯ ಮೇಲೆ ಒಕ್ಕಿದ್ದರಲ್ಲಿ ಸ್ವಲ್ಪ ಕಲ್ಲುಪುಡಿ ಸೇರಿತ್ತು; ಕಣದಲ್ಲಿ ಒಕ್ಕಿದ್ದು ಮಿಣಮಿಣ ಎನ್ನುತ್ತಿತ್ತು. ಭಾವ ಚೀಲದ ಬಾಯಿ ಹಿಡಿದು ನಿಂತಿದ್ದರು. ಷರತ್ತಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಬೇಕೆಂದು ಬಾಯಿ ತೆರೆದಾಗ ಭಾವ ಕಣ್ಣಿನಲ್ಲೇ ಸುಮ್ಮನಿರೆಂದರು.

ಅಣ್ಣ ಹೊಲದಿಂದ ಬಂದವನು ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತ. ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದ. ಉಳಿದದ್ದನ್ನು ಮತ್ತೆ ರಾಶಿಗೆ ಸುರಿದ.

"ಮುಂಗಾರಿಗೆ ಏನ್ ಆಕ್ತೀಯಾ?" ಎಂದು ಅಕ್ಕನನ್ನು ಕೇಳಿದ. "ಆ ನೆಲಕ್ಕೆ ಅಲಸಂದೆ ಚೆನ್ನಾಗಿ ಬತ್ತದೆ."

ಅಕ್ಕ ಮೊರ ಇಳಿಸಲಿಲ್ಲ. "ನೋಡ್ತೀನಿ," ಎಂದಳು. "ನಾನಿನ್ನೂ ಯೋಚ್ನೆ ಮಾಡಿಲ್ಲ."